ಚಕ್ರವ್ಯೂಹದಲ್ಲಿ ಸ್ಲೈಮ್ ಮೋಲ್ಡ್: ಬೆಳೆಸುವುದು, ಓಡಿಸುವುದು, ಅಳೆಯುವುದು

ಫೈಸಾರಮ್ ಪಾಲಿಸೆಫಾಲಮ್ ಎಂಬ ಈ ಹಳದಿ ಸ್ಲೈಮ್ ಮೋಲ್ಡ್ ಶಿಲೀಂಧ್ರವಲ್ಲ, ಅಮೀಬಾಗಳ ಬಳಗದ್ದು. ಅಂಗೈಯಗಲ ಹರಡಿದರೂ ಅದು ಒಂದೇ ಕೋಶ; ಒಳಗೆ ಲೆಕ್ಕವಿಲ್ಲದಷ್ಟು ನ್ಯೂಕ್ಲಿಯಸ್‌ಗಳು. 2000ದಲ್ಲಿ ಜಪಾನಿನ ವಿಜ್ಞಾನಿ ತೊಶಿಯುಕಿ ನಕಗಾಕಿ ಅವರ ತಂಡ ಅದರಿಂದ ಚಕ್ರವ್ಯೂಹ ಬಿಡಿಸಿ ತೋರಿಸಿದ ಮೇಲೆ ಇದೇ ಪ್ರಯೋಗವನ್ನು ಬಹಳ ಮಂದಿ ಮಾಡಿನೋಡಿದ್ದಾರೆ. ಕೈಕೊಡುವುದು ಸಾಮಾನ್ಯವಾಗಿ ಎರಡೇ ಕಡೆ: ತೇವಾಂಶ ಮತ್ತು ಆರಂಭದ ಸ್ಥಿತಿ.

ಮೊದಲು ತಟ್ಟೆ ಸಿದ್ಧವಾಗಲಿ. 100 ಮಿ.ಲೀ. ನೀರಿಗೆ 1ರಿಂದ 1.5 ಗ್ರಾಂ ಅಗಾರ್ (ಜೆಲ್ಲಿಯಂತೆ ಗಟ್ಟಿಯಾಗುವ ಪುಡಿ) ಹಾಕಿ ಪೂರ್ತಿ ಕರಗುವವರೆಗೆ ಕುದಿಸಿ. ಸಕ್ಕರೆ, ಉಪ್ಪು ಏನೂ ಬೇಡ; ಪೋಷಕಾಂಶ ಬೆರೆಸಿದರೆ ಮೊದಲು ಬೆಳೆಯುವುದು ಬ್ಯಾಕ್ಟೀರಿಯಾ. ಸುಮಾರು 50 ಡಿಗ್ರಿಗೆ ಇಳಿದಾಗ 9 ಸೆಂ.ಮೀ. ಪೆಟ್ರಿ ತಟ್ಟೆಗೆ 20 ಮಿ.ಲೀ.ಯಂತೆ ಸುರಿಯಿರಿ. ಬಿಸಿಯಿರುವಾಗಲೇ ಮುಚ್ಚಿದರೆ ಮುಚ್ಚಳದಲ್ಲಿ ಹನಿಗಟ್ಟಿ ಕೆಳಗೆ ತೊಟ್ಟಿಕ್ಕುತ್ತದೆ.

ಒಣಗಿದ ಸುಪ್ತ ರೂಪ, ಅಂದರೆ ಸ್ಕ್ಲೆರೋಶಿಯಮ್, ಸಾಮಾನ್ಯವಾಗಿ ಫಿಲ್ಟರ್ ಕಾಗದಕ್ಕೆ ಅಂಟಿಕೊಂಡೇ ಸಿಗುತ್ತದೆ. ಆ ಚೂರನ್ನು ಅಗಾರ್ ಮೇಲಿಟ್ಟು ಎರಡು ಹನಿ ನೀರು ಬಿಡಿ. ಪಕ್ಕದಲ್ಲಿ ಸಾದಾ ಓಟ್ಸ್‌ನ ಎರಡು ಮೂರು ಎಸಳು ಇಡಿ. 21ರಿಂದ 25 ಡಿಗ್ರಿಯಲ್ಲಿ, ಕತ್ತಲಲ್ಲಿ, ಒಂದು ದಿನದೊಳಗೆ ಹಳದಿ ಬೀಸಣಿಗೆಯಂಥ ಅಂಚು ಹೊರಡುತ್ತದೆ. ಮುಚ್ಚಳವನ್ನು ಗಾಳಿಯಾಡದಂತೆ ಬಿಗಿಯಬೇಡಿ. ಹಾಗೆಂದು ತೀರಾ ಸಡಿಲ ಬಿಟ್ಟರೆ ಅದು ತಟ್ಟೆ ದಾಟಿ ಹೊರಗೇ ನಡೆದುಬಿಡುತ್ತದೆ.

ಓಟ್ಸ್ ಮೇಲೆ ಹಸಿರು ಅಥವಾ ಕಪ್ಪು ಬೂಷ್ಟು ಕಂಡರೆ ಅದನ್ನು ಕೆರೆದು ತೆಗೆಯುವುದು ವ್ಯರ್ಥ. ಮುಂದೆ ಹರಿಯುತ್ತಿರುವ ಅಂಚನ್ನು 1 ಸೆಂ.ಮೀ. ಚೌಕದಷ್ಟು ಅಗಾರ್ ಸಮೇತ ಕತ್ತರಿಸಿ, ಆಹಾರವಿಲ್ಲದ ಹೊಸ ತಟ್ಟೆಗೆ ಹಾಕಿ. ಸ್ಲೈಮ್ ಮೋಲ್ಡ್ ಬೂಷ್ಟನ್ನು ಹಿಂದೆ ಬಿಟ್ಟು ಮುಂದೆ ಹೋಗುತ್ತದೆ. ಹೇಗಿದ್ದರೂ ಎರಡು ಮೂರು ದಿನಕ್ಕೊಮ್ಮೆ ತಟ್ಟೆ ಬದಲಿಸುವುದು ಒಳ್ಳೆಯದು. ಹಸಿದಿರುವಾಗ ಬೆಳಕು ಬಿದ್ದರೆ ಅದು ಬೀಜಕಗಳನ್ನು ಕಟ್ಟಲು ಹೊರಡುತ್ತದೆ. ಅಲ್ಲಿಂದ ಆ ಕೋಶ ಹಿಂದಿರುಗುವುದಿಲ್ಲ.

ಇನ್ನು ಚಕ್ರವ್ಯೂಹ. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಲ್ಲಿ ಸುಮಾರು 5 ಮಿ.ಮೀ. ಅಗಲದ ದಾರಿಗಳನ್ನು ಕತ್ತರಿಸಿ ತೆಗೆದು, ಉಳಿದ ಹಾಳೆಯನ್ನು ಅಗಾರ್ ಮೇಲೆ ಒತ್ತಿ ಕೂರಿಸಿ. ಒಣ ಪ್ಲಾಸ್ಟಿಕ್ಕನ್ನು ಅದು ತುಳಿಯುವುದಿಲ್ಲ, ಅದೇ ಗೋಡೆ. ಹಾಳೆಯ ಮೇಲೆ ನೀರಿನ ಪೊರೆ ಕೂತರೆ ಮಾತ್ರ ಗೋಡೆ ದಾಟಿ ಅಡ್ಡದಾರಿ ಹಿಡಿಯುತ್ತದೆ. ಮುಚ್ಚಳದ ಹನಿ ಒರೆಸಬೇಕಾದದ್ದು ಇದಕ್ಕೇ.

ಹೆಚ್ಚಿನವರು ಎಡವುವುದು ಮುಂದಿನ ಹಂತದಲ್ಲಿ. ಒಂದು ಬಾಗಿಲಲ್ಲಿ ಜೀವಿ, ಇನ್ನೊಂದರಲ್ಲಿ ಆಹಾರ ಇಟ್ಟರೆ ನೀವು ನೋಡುವುದು ಬರೀ ಅಲೆದಾಟ. ನಕಗಾಕಿ ಪ್ರಯೋಗದಲ್ಲಿ ತುಂಡುಗಳನ್ನು ಚಕ್ರವ್ಯೂಹದ ತುಂಬಾ ಹರಡಿದ್ದರು. ಅವು ಕೂಡಿ ಒಂದೇ ಜೀವಿಯಾಗಿ ಎಲ್ಲ ದಾರಿಗಳನ್ನೂ ತುಂಬಿದ ಮೇಲಷ್ಟೇ ಎರಡು ತುದಿಗೆ ಓಟ್ಸ್ ಬೆರೆಸಿದ ಅಗಾರ್ ತುಂಡು ಇಟ್ಟರು. ನಾಲ್ಕು ತಾಸಿನಲ್ಲಿ ಕುರುಡು ದಾರಿಗಳಿಂದ ಅದು ಹಿಂದೆ ಸರಿಯಿತು, ಇನ್ನೂ ನಾಲ್ಕು ತಾಸಿಗೆ ಹತ್ತಿರದ ದಾರಿಯಲ್ಲಿ ಒಂದೇ ದಪ್ಪ ನಾಳ ಉಳಿಯಿತು. ದಾರಿಗಳ ಉದ್ದದಲ್ಲಿ ಎದ್ದುಕಾಣುವ ವ್ಯತ್ಯಾಸವಿರಲಿ. ಅಲ್ಲಿ 41 ಮತ್ತು 33 ಮಿ.ಮೀ. ನಡುವಿನ ಆಯ್ಕೆ ಸ್ಪಷ್ಟವಾಗಿತ್ತು. 44 ಮತ್ತು 45 ಮಿ.ಮೀ. ನಡುವೆ ಯಾವುದಾದರೂ ಆಗುತ್ತಿತ್ತು. ಒಂದು ತಟ್ಟೆಯ ಫಲಿತಾಂಶ ನಂಬಬೇಡಿ, ಹತ್ತಾದರೂ ಓಡಿಸಿ.

ಚಲನೆ ನೋಡಲು 40ರಿಂದ 100 ಪಟ್ಟು ಹಿಗ್ಗಿಸುವ ಸೂಕ್ಷ್ಮದರ್ಶಕ ಸಾಕು. ಒಂದು ನಾಳದ ಮೇಲೆ ಗಮನವಿಟ್ಟರೆ ಕಣಗಳು ಒಂದು ದಿಕ್ಕಿಗೆ ರಭಸದಿಂದ ಹರಿದು, ನಿಧಾನಿಸಿ, ಗಳಿಗೆ ನಿಂತು, ಬಂದ ದಾರಿಯಲ್ಲೇ ವಾಪಸಾಗುತ್ತವೆ. ಆಕ್ಟಿನ್ ಮತ್ತು ಮಯೋಸಿನ್ ಎಂಬ ಪ್ರೋಟೀನ್‌ಗಳು ನಾಳದ ಗೋಡೆಯನ್ನು ಹಿಂಡುವುದರಿಂದ ಈ ಹರಿವು. ಒಂದು ಸುತ್ತಿಗೆ ಒಂದೆರಡು ನಿಮಿಷ. ಹೋಗುವಾಗಿನ ಮತ್ತು ಬರುವಾಗಿನ ಹರಿವಿನ ಅವಧಿಗಳನ್ನು ಬೇರೆ ಬೇರೆ ಬರೆದುಕೊಳ್ಳಿ. ಈಗಷ್ಟೇ ಕತ್ತರಿಸಿದ ತುಂಡನ್ನು ಅಳೆಯಬೇಡಿ, ಚೇತರಿಸಿಕೊಳ್ಳಲು ಕೆಲವು ತಾಸು ಕೊಡಿ. ದೀಪ ಹಚ್ಚಿಯೇ ಇಟ್ಟರೆ ಜೀವಿ ಬೆಳಕಿನಿಂದ ದೂರ ಸರಿಯುತ್ತದೆ. ಐದು ನಿಮಿಷಕ್ಕೊಮ್ಮೆ ಫೋಟೊಗಷ್ಟೇ ಬೆಳಗಿಸಿ.

ಬೆಳಕಿಗೆ ಹಿಂಜರಿಯುವ ಈ ದೌರ್ಬಲ್ಯವೇ ಉಪಯೋಗಕ್ಕೂ ಬಂದಿದೆ. 2010ರಲ್ಲಿ ಟೋಕಿಯೊ ಸುತ್ತಲಿನ ರೈಲು ಜಾಲವನ್ನು ಹೋಲುವ ಪ್ರಯೋಗದಲ್ಲಿ 36 ಕಡೆ ಆಹಾರವಿಟ್ಟು, ಬೆಟ್ಟ ಮತ್ತು ನೀರಿನ ಜಾಗಗಳನ್ನು ಬೆಳಕಿನಿಂದ ಗುರುತಿಸಿದ್ದರು.

ಜೀವಿ ಹತ್ತಿರದ ದಾರಿ ಉಳಿಸಿಕೊಳ್ಳುವ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಮರಳಿ ಮಾಡುವುದು ಕಷ್ಟವಲ್ಲ. ಪ್ರತಿ ನಾಳಕ್ಕೂ ವಾಹಕತೆ (ಹರಿವನ್ನು ಸಾಗಿಸುವ ಸಾಮರ್ಥ್ಯ) 1 ಎಂದಿಟ್ಟು, ಒಂದು ತುದಿಯಿಂದ 1 ಮಾನ ಹರಿವು ಒಳಬಿಡಿ, ಇನ್ನೊಂದರಿಂದ ಹೊರತೆಗೆಯಿರಿ. ಪ್ರತಿ ಸಂಧಿಯಲ್ಲೂ ಒಳಬಂದದ್ದು ಹೊರಹೋಗಬೇಕು ಎಂಬ ನಿಯಮದಿಂದ ಒತ್ತಡ ಕಂಡುಹಿಡಿದು, ಅದರಿಂದ ನಾಳದ ಹರಿವು ಲೆಕ್ಕಹಾಕಿ. ಹರಿವಿನಿಂದ ವಾಹಕತೆ ಕಳೆದು ಬಂದದ್ದರ ಹತ್ತನೇ ಒಂದು ಪಾಲನ್ನು ವಾಹಕತೆಗೆ ಸೇರಿಸಿ; ಹರಿವಿನ ದಿಕ್ಕು ಲೆಕ್ಕಕ್ಕಿಲ್ಲ. ಹೀಗೆ ಮತ್ತೆ ಮತ್ತೆ ಮಾಡಿದರೆ ಉದ್ದದ ದಾರಿಗಳು ಸೊನ್ನೆಯತ್ತ ಕುಸಿಯುತ್ತವೆ. ಹತ್ತನೇ ಒಂದು ಎಂಬ ಈ ಹೆಜ್ಜೆಯನ್ನು ಬಹಳ ದೊಡ್ಡದಿಟ್ಟರೆ ಅಂಕಿಗಳು ಓಲಾಡುತ್ತವೆ.

ಪ್ರಯೋಗ ಮುಗಿದ ಮೇಲೆ ಉಳಿದದ್ದನ್ನು ಒದ್ದೆ ಫಿಲ್ಟರ್ ಕಾಗದದ ಮೇಲೆ ಹರಿಯಬಿಟ್ಟು, ಕತ್ತಲಲ್ಲಿ ಎರಡು ಮೂರು ದಿನ ನಿಧಾನವಾಗಿ ಒಣಗಿಸಿ. ಬೇಗ ಒಣಗಿಸಿದರೆ ಸಾಯುತ್ತದೆ. ಕಿತ್ತಳೆ ಬಣ್ಣದ ಗಟ್ಟಿ ಹಕ್ಕಳೆಯಾದ ಮೇಲೆ ಲಕೋಟೆಯಲ್ಲಿ ಹಾಕಿ, ತಂಪಾದ ಒಣ ಜಾಗದಲ್ಲಿ ತಿಂಗಳುಗಟ್ಟಲೆ ಇಡಬಹುದು.