ಎಳನೀರು ಕುಡಿಸಿ ಸಹಿ ಹಾಕಿಸಿದ ಅಣ್ಣ

2013ರ ಮೇ ತಿಂಗಳು. ತುಮಕೂರಿನ ಬಿಸಿಲು. ಸಬ್‌ರಿಜಿಸ್ಟ್ರಾರ್ ಆಫೀಸಿನ ಮುಂದೆ ಅಣ್ಣ ನನಗೊಂದು ಎಳನೀರು ಕೊಡಿಸಿದ. "ಗಂಜಿ ಇರೋದು ನೋಡಿ ಕೊಡಪ್ಪ, ನಮ್ಮ ಪುಟ್ಟಿಗೆ ಗಂಜಿ ಇಷ್ಟ" ಅಂತ ಎಳನೀರಿನವನಿಗೆ ಹೇಳಿದ. ನಾನು ಗಂಜಿ ಕೆರೆದು ತಿಂದೆ, ಸೆರಗಿಗೆ ಕೈ ಒರೆಸಿಕೊಂಡೆ, ಒಳಗೆ ಹೋಗಿ ಅವನು ಬೆರಳಿಟ್ಟು ತೋರಿಸಿದ ಕಡೆಯೆಲ್ಲ ಸಹಿ ಹಾಕಿದೆ. ಅಪ್ಪನ ಮನೆಯ ಖಾತೆ ಬದಲಾವಣೆಗೆ ಬೇಕು ಅಂದಿದ್ದ. "ಪ್ರಶ್ನೆ ಎರಡು ಸಲ ಓದಿ, ಆಮೇಲೆ ಬರೀರಿ" ಅಂತ ಮೂವತ್ತು ವರ್ಷ ಮಕ್ಕಳಿಗೆ ಹೇಳಿದ ಲೆಕ್ಕದ ಟೀಚರ್ ನಾನು. ಒಂದು ಸಲವೂ ಓದಲಿಲ್ಲ.

ಅದು ಹಕ್ಕು ಬಿಡುಗಡೆ ಪತ್ರ. ಗೊತ್ತಾಗಿದ್ದು ಮರುವರ್ಷ, ಬೇರೇನೋ ಕೆಲಸಕ್ಕೆ ಇ.ಸಿ. (ಆಸ್ತಿಯ ಋಣಭಾರ ಪತ್ರ) ತೆಗೆಸಿದಾಗ. ಅಪ್ಪ ವಿಲ್ ಬರೆದಿರಲಿಲ್ಲ, ಅಮ್ಮ ಮೊದಲೇ ಹೋಗಿದ್ದರು. ಕ್ರೈಸ್ತರಾದ ನಮಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಅದರಲ್ಲಿ ಮಗ, ಮಗಳು ಅಂತ ಭೇದವಿಲ್ಲ, ಸಮಪಾಲು. ಇದ್ದವರು ನಾವಿಬ್ಬರೇ. ಅಂದರೆ ಆ ಹೆಂಚಿನ ಮನೆಯಲ್ಲಿ, ಅದರ ಹಿಂದಿನ ಸೀಬೆ ಮರದಲ್ಲಿ, ಅರ್ಧ ನನ್ನದು. ಅದನ್ನು ನಾನೇ ನನ್ನ ಕೈಯಾರೆ "ಪ್ರೀತಿಯಿಂದ" ಬಿಟ್ಟುಕೊಟ್ಟೆ ಅಂತ ಆ ಪತ್ರದಲ್ಲಿ ಬರೆದಿತ್ತು.

ಕೇಳಿದ್ದಕ್ಕೆ ಅಣ್ಣ ಅಂದದ್ದು ಇಷ್ಟೇ: "ನಿನಗೇನು ಕಡಿಮೆ ಆಗಿದೆ?"

ಅಲ್ಲಿಗೆ ಮಾತು ನಿಂತಿತು. ಆದರೆ ಚರ್ಚ್ ಒಂದೇ. ನಾವು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು. ಕರ್ತನ ಭೋಜನವಿರುವ ಭಾನುವಾರ ನಮ್ಮಲ್ಲಿ "ಸಮಾಧಾನ" ಹಂಚುವ ಪದ್ಧತಿ ಇದೆ. 1947ರಲ್ಲಿ ಬೇರೆ ಬೇರೆ ಸಭೆಗಳು ಸೇರಿ ಸಿ.ಎಸ್.ಐ. ಆದಮೇಲೆ, 1950ರ ಆರಾಧನಾ ಕ್ರಮದಲ್ಲಿ ಇದನ್ನು ಸೇರಿಸಿದರು. ಒಬ್ಬರ ಬಲಗೈಯನ್ನು ಇನ್ನೊಬ್ಬರು ತಮ್ಮ ಎರಡು ಅಂಗೈ ನಡುವೆ ಹಿಡಿದು ಸಮಾಧಾನ ಕೊಡಬೇಕು. ಅವರು ಪಕ್ಕದವರಿಗೆ, ಪಕ್ಕದವರು ಅವರ ಪಕ್ಕದವರಿಗೆ. ಹಾಗೆ ಅದು ಚರ್ಚ್ ತುಂಬ ಹರಿದು ಬರುತ್ತದೆ. ನಾನು ಐದು ವರ್ಷ ಬೇರೆ ಬೆಂಚಿನಲ್ಲಿ ಕೂತೆ. ಸಮಾಧಾನ ಅಣ್ಣನ ಕಡೆಯಿಂದ ಬರೋ ಹಾಗೆ ಕಂಡರೆ ಬಗ್ಗಿ ಬ್ಯಾಗಿನಲ್ಲಿ ಕನ್ನಡಕ ಹುಡುಕುತ್ತಿದ್ದೆ. ಆಮೇಲೆ ಎದ್ದುಹೋಗಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುತ್ತಿದ್ದೆ. ಯಜ್ಞವೇದಿಯ ಮುಂದೆ ಕಾಣಿಕೆ ಬಿಟ್ಟು ಮೊದಲು ಹೋಗಿ ಸಹೋದರನ ಸಂಗಡ ಒಂದಾಗು ಅನ್ನುವ, ಬೈಬಲಿನ ಮತ್ತಾಯ 5ನೆಯ ಅಧ್ಯಾಯದ ಮಾತು ಗೊತ್ತಿಲ್ಲದೆ ಏನಲ್ಲ. ಸಂಡೇ ಸ್ಕೂಲಿನಲ್ಲಿ ನಾನೇ ಕಲಿಸಿದ್ದೆ.

ಸಲಹೆ ಕೊಡೋರಿಗೆ ಕಡಿಮೆ ಇರಲಿಲ್ಲ. ಒಬ್ಬರು ಗ್ಲಾಡಿಸ್ ಸ್ಟೇನ್ಸ್ ಹೆಸರೆತ್ತಿದರು. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಅವರ ಗಂಡನನ್ನೂ ಇಬ್ಬರು ಪುಟ್ಟ ಗಂಡುಮಕ್ಕಳನ್ನೂ ಗಾಡಿಯೊಳಗೇ ಸುಟ್ಟರು. ಆಕೆ ಕ್ಷಮಿಸಿದ್ದೇನೆ ಅಂದರು, ಬಾರಿಪದಾದಲ್ಲಿ ಕುಷ್ಠರೋಗಿಗಳ ಸೇವೆ ಮುಂದುವರಿಸಿದರು. "ಆಕೆ ಅಷ್ಟನ್ನ ಕ್ಷಮಿಸಿದರು, ನೀವು ಒಂದು ಮನೆ ಪಾಲು ಕ್ಷಮಿಸೋಕಾಗಲ್ವಾ?" ಅಂತ ಪ್ರಶ್ನೆ. ನನ್ನ ಬಾಯಿ ಮುಚ್ಚಿತು, ಸಿಟ್ಟು ಒಂದು ಗುಂಜಿಯಷ್ಟೂ ಇಳಿಯಲಿಲ್ಲ. ದೊಡ್ಡವರ ದೊಡ್ಡ ನೋವನ್ನು ತಂದು ಚಿಕ್ಕವರ ನೋವಿನ ಮೇಲೆ ಕಲ್ಲಿನ ಹಾಗೆ ಇಡಬಾರದು. ಇನ್ನೊಂದು ವಿಷಯವನ್ನು ಹಾಗೆ ಹೇಳುವವರು ಹೇಳುವುದೂ ಇಲ್ಲ: ಆಕೆ ಕ್ಷಮಿಸಿದರು ಅಂತ ಕೇಸು ನಿಲ್ಲಲಿಲ್ಲ, ಕೋರ್ಟು ಶಿಕ್ಷೆ ಕೊಟ್ಟೇ ಕೊಟ್ಟಿತು.

2019ರಲ್ಲಿ ಒಂದು ಪೇಚಾಟಕ್ಕೆ ಸಿಕ್ಕಿಕೊಂಡೆ. ಶುಭ ಶುಕ್ರವಾರ (ಗುಡ್ ಫ್ರೈಡೇ) ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಶಿಲುಬೆಯ ಮೇಲಿನ ಏಳು ಮಾತುಗಳ ಆರಾಧನೆ ಇರುತ್ತದಲ್ಲ, ಏಳು ಮಾತಿಗೆ ಏಳು ಜನ ಮಾತಾಡುತ್ತಾರೆ. ಸ್ತ್ರೀಯರ ಕೂಟದಿಂದ ನನ್ನ ಹೆಸರು ಹೋಗಿತ್ತು. ನನಗೆ ಬಂದದ್ದು ಮೊದಲನೆಯ ಮಾತು. "ತಂದೆಯೇ, ಅವರಿಗೆ ಕ್ಷಮಿಸು."

ಸಭಾಪಾಲಕರ ಮನೆಗೆ ಹೋಗಿ, "ಅಯ್ಯನವರೇ, ಐದನೇದು ಕೊಡಿ, 'ನನಗೆ ನೀರಡಿಕೆಯಾಗಿದೆ' ಅನ್ನೋದು ಸಲೀಸು" ಅಂದೆ. ಅವರಿಗೆ ಎಲ್ಲ ಗೊತ್ತಿತ್ತು. ನಕ್ಕರು. "ಟೀಚರ್, ಆ ವಾಕ್ಯ ಇನ್ನೊಂದು ಸಲ ಓದಿ. 'ನಾನು ನಿಮ್ಮನ್ನ ಕ್ಷಮಿಸಿದ್ದೀನಿ' ಅಂತ ಯೇಸು ಅಲ್ಲಿ ಹೇಳಿದ್ದಾನಾ?"

ಇಲ್ಲ. ಹೇಳಿಲ್ಲ. ತಂದೆಯನ್ನು ಕೇಳಿಕೊಂಡಿದ್ದಾನೆ. ಮೊಳೆ ಹೊಡೆಯುತ್ತಿರುವವರ ಕಡೆ ತಿರುಗಿ ಮಾತಾಡಿಲ್ಲ, ಮೇಲಕ್ಕೆ ಮಾತಾಡಿದ್ದಾನೆ. ನನಗೆ ಬಾಗಿಲು ಸಂದು ಬಿಟ್ಟ ಹಾಗಾಯಿತು. ಅಣ್ಣನ ಮುಂದೆ ನಿಂತು ಹೇಳುವ ಶಕ್ತಿ ನನಗಿರಲಿಲ್ಲ. ಆದರೆ "ತಂದೆಯೇ, ನನ್ನಿಂದ ಆಗ್ತಿಲ್ಲ, ನೀನು ಕ್ಷಮಿಸು" ಅನ್ನೋದು ಸುಳ್ಳಾಗುವುದಿಲ್ಲ ಅಲ್ವಾ? ಅಲ್ಲಿಂದ ಶುರು ಮಾಡಿದೆ.

ಅಯ್ಯನವರು ಇನ್ನೊಂದು ಹೇಳಿದರು. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಕ್ಷಮಿಸು ಅನ್ನುವುದಕ್ಕೆ ಬರುವ ಮುಖ್ಯ ಪದ "ಅಫಿಯೆಮಿ". ಬಿಟ್ಟುಬಿಡು ಅಂತ ಅರ್ಥ. ಶಿಷ್ಯರು ಬಲೆಗಳನ್ನು ಬಿಟ್ಟು ಯೇಸುವಿನ ಹಿಂದೆ ಹೋದರು ಅನ್ನುವಲ್ಲೂ ಅದೇ ಪದ. ಯೇಸು ಕಲಿಸಿದ ಪರಲೋಕ ಪ್ರಾರ್ಥನೆಯಲ್ಲಿ ನಾವು "ತಪ್ಪು" ಅನ್ನುವ ಕಡೆ ಮತ್ತಾಯನಲ್ಲಿರುವುದು "ಸಾಲ". ಹಕ್ಕು ಬಿಡುಗಡೆ, ಸಾಲ ಬಿಡುಗಡೆ. ಕೇಳಿ ನನಗೆ ಒಂದು ಕ್ಷಣ ನಗು ಬಂತು, ಮರುಕ್ಷಣ ಮೈ ಉರಿಯಿತು. ಒಂದು ಸಲ ಬಿಡುಗಡೆ ಪತ್ರ ಬರೆಸಿಕೊಂಡದ್ದು ಸಾಲದಾ?

ಸಾಲ ಅಂದಮೇಲೆ ಲೆಕ್ಕ ಬೇಕು. ಹಳೆಯ ಇನ್ನೂರು ಪುಟದ ನೋಟ್‌ಬುಕ್ಕಿನ ಕೊನೆಯಲ್ಲಿ ಎಡಗಡೆ ಬರೆದೆ: ಅಣ್ಣ ನನಗೆ ಕೊಡಬೇಕಾದದ್ದು. ಮನೆಯ ಅರ್ಧ ಪಾಲು. ಅಮ್ಮನ ಎರಡೆಳೆ ಸರ. ಐದು ಕ್ರಿಸ್ಮಸ್ ಊಟ. ನನ್ನ ಮಗಳು ಮಾವನ ಮನೆ ಅಂತ ಹೋಗುವ ಜಾಗ. ಬರೆಯುತ್ತಾ ಹೋದಹಾಗೆ ಕೊನೆಗೆ ಬಂದದ್ದು ಎಳನೀರು. ಅದೇ ಎಲ್ಲಕ್ಕಿಂತ ಜಾಸ್ತಿ ಉರಿಯುತ್ತಿದ್ದದ್ದು ಅಂತ ಆವತ್ತೇ ಗೊತ್ತಾಯಿತು. ಜಗಳವಾಡಿ ಕಿತ್ತುಕೊಂಡಿದ್ದರೆ ಬೇರೆ. ಗಂಜಿ ಇಷ್ಟ ಅಂತ ನೆನಪಿಟ್ಟುಕೊಂಡು ಮಾಡಿದನಲ್ಲ.

ಕ್ಷಮಿಸೋಕೆ ಹೊರಟವರು ಈ ಪಟ್ಟಿ ಬರೆಯುವುದನ್ನು ಬಿಡಬಾರದು ಅನ್ನುವುದು ನನ್ನ ಅನುಭವ. "ಅಯ್ಯೋ ಹೋಗ್ಲಿ ಬಿಡಿ, ಏನೂ ಆಗಿಲ್ಲ" ಅಂದರೆ ಏನನ್ನ ಬಿಟ್ಟ ಹಾಗಾಯಿತು? ಮತ್ತಾಯ 18ರಲ್ಲಿ ಯೇಸು ಹೇಳಿದ ಸಾಮ್ಯವನ್ನೇ, ಅಂದರೆ ನೀತಿಕಥೆಯನ್ನೇ ನೋಡಿ. ಒಬ್ಬ ಆಳಿಗೆ ಅರಸನು ಹತ್ತು ಸಾವಿರ ತಲಾಂತು ಸಾಲ ಬಿಟ್ಟ. ಆ ಆಳು ತನಗೆ ನೂರು ದಿನಾರಿ ಕೊಡಬೇಕಾದ ಜೊತೆಯವನ ಕುತ್ತಿಗೆ ಹಿಡಿದ. ಒಂದು ದಿನಾರಿ ಒಂದು ದಿನದ ಕೂಲಿ. ಒಂದು ತಲಾಂತಿಗೆ ಸುಮಾರು 6,000 ದಿನಾರಿ. ಅಂದರೆ ಅರಸನ ಸಾಲ 6 ಕೋಟಿ ದಿನದ ಕೂಲಿ. ವರ್ಷಕ್ಕೆ 300 ದಿನ ದುಡಿದರೂ ಎರಡು ಲಕ್ಷ ವರ್ಷ ಬೇಕು. ಪ್ರಸಂಗ ಮಾಡುವವರು ಇಲ್ಲಿ ನಿಲ್ಲಿಸಿ, "ನೋಡಿ, ನೂರು ದಿನಾರಿ ಎಷ್ಟು ಚಿಲ್ಲರೆ!" ಅನ್ನುತ್ತಾರೆ. ಚಿಲ್ಲರೆ ಅಲ್ಲ ಸ್ವಾಮಿ. ಮೂರು ತಿಂಗಳಿಗೂ ಜಾಸ್ತಿ ಕೂಲಿ. ಕೂಲಿಯವನ ಮನೆಯಲ್ಲಿ ಅಷ್ಟು ಹೋದರೆ ಒಲೆ ಹತ್ತೋದಿಲ್ಲ. ನನ್ನ ನಷ್ಟವನ್ನು ಯೇಸು ಚಿಲ್ಲರೆ ಅಂದಿಲ್ಲ ಅನ್ನುವುದು ಆ ಲೆಕ್ಕದಿಂದ ನನಗೆ ಸಿಕ್ಕಿತು. ಆಮೇಲೇ ನೋಟ್‌ಬುಕ್ಕಿನ ಬಲಗಡೆ ಬರೆಯಲು ಧೈರ್ಯ ಬಂದದ್ದು: ನಾನು ದೇವರಿಗೆ ಕೊಡಬೇಕಾದದ್ದು. ಆ ಪುಟದಲ್ಲಿ ಏನಿತ್ತು ಅಂತ ಇಲ್ಲಿ ಹೇಳಲ್ಲ. ತುಂಬಿತು, ಅಷ್ಟೇ.

ಅಷ್ಟಾದರೂ ಪ್ರಾರ್ಥನೆಗೆ ಕೂತರೆ ಶಾಪವೇ ಬರುತ್ತಿತ್ತು. ಸರಿ, ಶಾಪವೇ ಆಗಲಿ, ಬೈಬಲಿನದ್ದೇ ಓದೋಣ ಅಂತ ಕೀರ್ತನೆ 109 ತೆಗೆದೆ. ಭಾರೀ ಖಾರದ ಕೀರ್ತನೆ. ಸಾಲ ಕೊಟ್ಟವನು ಅವನದ್ದೆಲ್ಲ ದೋಚಲಿ ಅನ್ನುವ ಮಾತಿದೆ, ಅದನ್ನು ರುಚಿಯಾಗಿ ಜೋರಾಗೇ ಓದುತ್ತಿದ್ದೆ. ಮೂರು ದಿನ ಓದಿದೆ. ನಾಲ್ಕನೇ ದಿನ ಅವನ ಮಕ್ಕಳು ತಬ್ಬಲಿಗಳಾಗಲಿ, ಅವನ ಹೆಂಡತಿ ವಿಧವೆಯಾಗಲಿ ಅನ್ನುವಲ್ಲಿ ನಾಲಿಗೆ ನಿಂತಿತು. ಅತ್ತಿಗೆ ನನ್ನ ಬಾಣಂತನ ಮಾಡಿದವರು. ಅವರ ಮಗಳಿಗೆ ಮಗ್ಗಿ ಕಲಿಸಿದವಳು ನಾನು. "ಇಲ್ಲ ಕರ್ತನೇ, ಅದು ಬೇಡ" ಅಂದೆ. ಅಂದಮೇಲೆ ಹೊಳೆಯಿತು, ಅಣ್ಣ ಚೆನ್ನಾಗಿ ಬದುಕಿರಲಿ ಅಂತ ಈಗಷ್ಟೇ ಕೇಳಿಕೊಂಡೆನಲ್ಲ. ಬೇಕು ಅಂತ ಮಾಡಿದ್ದಲ್ಲ, ಬಾಯಿತಪ್ಪಿ ಆದದ್ದು. ಐದು ವರ್ಷದಲ್ಲಿ ಅವನಿಗಾಗಿ ಮಾಡಿದ ಮೊದಲ ಪ್ರಾರ್ಥನೆ ಅದೇ.

ಶುಭ ಶುಕ್ರವಾರ ಪೀಠದ ಹತ್ತಿರ ನಿಂತು ಹತ್ತು ನಿಮಿಷ ಮಾತಾಡಿದೆ. ಅಣ್ಣ ಮೂರನೇ ಸಾಲಿನಲ್ಲಿದ್ದ. "ನನಗೂ ಕ್ಷಮಿಸೋಕೆ ಬರ್ತಾ ಇಲ್ಲ, ಕಲೀತಾ ಇದ್ದೀನಿ" ಅಂತ ಒಂದೇ ಮಾತು ನನ್ನ ಬಗ್ಗೆ ಹೇಳಿಕೊಂಡೆ. ಅವನು ನೆಲ ನೋಡುತ್ತಿದ್ದ. ಮಿಕ್ಕವರು ಅವನನ್ನು ನೋಡುತ್ತಿದ್ದರು. ಅದು ನನಗೆ ಒಳಗೊಳಗೆ ಖುಷಿ ಕೊಟ್ಟಿತು ಅನ್ನುವುದನ್ನೂ ಹೇಳಿಬಿಡುತ್ತೇನೆ. ಬಲಗಡೆ ಪುಟಕ್ಕೆ ಇನ್ನೊಂದು ಸಾಲು.

ವಕೀಲರೊಬ್ಬರನ್ನೂ ಕೇಳಿದ್ದೆ. ಮೋಸದಿಂದ ಆದ ಪತ್ರ ರದ್ದು ಮಾಡಿಸಬೇಕಾದರೆ, ವಿಷಯ ತಿಳಿದ ಮೂರು ವರ್ಷದೊಳಗೆ ದಾವೆ ಹಾಕಬೇಕಂತೆ. ನನ್ನ ಅವಧಿ ಮುಗಿದಿತ್ತು. ಹಾಗಾದರೆ ಕೈಲಾಗದ್ದಕ್ಕೆ ಕ್ಷಮೆ ಅಂತ ಹೆಸರಿಟ್ಟೆನಾ? ಎಷ್ಟೋ ರಾತ್ರಿ ಇದೇ ಪ್ರಶ್ನೆ. ಕೋರ್ಟಿನ ಬಾಗಿಲು ಮುಚ್ಚಿದ್ದರೂ ಸಂಬಂಧಿಕರ ಮುಂದೆ ಅವನ ಮಾನ ಕಳೆಯುವ ಬಾಗಿಲು ಹಾರುಹೊಡೆದಿತ್ತು, ಅದಕ್ಕೆ ಅವಧಿ ಇಲ್ಲ. ಅದನ್ನು ಮುಚ್ಚುವುದು ನನ್ನ ಕೈಲಿತ್ತು. ಆ ವರ್ಷದಿಂದ ಯಾರ ಮನೆಯಲ್ಲೂ ಆ ಕಥೆ ಎತ್ತಲಿಲ್ಲ. ಎರಡು ಸಲ ತಪ್ಪಿದೆ, ಎರಡೂ ಸಲ ಮದುವೆ ಮನೆಯಲ್ಲಿ.

ಮದುವೆ ಅಂದರೆ ಮುಯ್ಯಿ ನೆನಪಾಗುತ್ತದೆ. ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ "ಮುಯ್ಯಿಗೆ ಮುಯ್ಯಿ ತೀರಿಸುವದು ನನ್ನ ಕೆಲಸ" ಅಂತ ಕರ್ತನು ಹೇಳುತ್ತಾನೆ. ಸೇಡಿಗೂ ಮುಯ್ಯಿ, ಮದುವೆಯಲ್ಲಿ ಕೊಡುವ ದುಡ್ಡಿಗೂ ಮುಯ್ಯಿ. ಎರಡಕ್ಕೂ ಪುಸ್ತಕ ಇಡುತ್ತೇವೆ, ಇಷ್ಟು ಬಂದಿದೆ, ಇಷ್ಟು ಹಿಂದಿರುಗಿಸಬೇಕು ಅಂತ. 2020ರ ಜನವರಿಯಲ್ಲಿ ಅಣ್ಣನ ಮಗಳ ಮದುವೆ. ಪತ್ರಿಕೆ ಕೊಡಲು ಅತ್ತಿಗೆ ಒಬ್ಬರೇ ಬಂದರು. ಹೋದೆ. ಊಟದ ಹಾಲಿನ ಬಾಗಿಲಲ್ಲಿ ಮುಯ್ಯಿ ಬರೆಯಲು ಒಬ್ಬ ಹುಡುಗ ಕೂತಿದ್ದ. ಕವರ್ ಕೊಟ್ಟು, "ಹೆಸರು ಬರೀಬೇಡಪ್ಪ" ಅಂದೆ.

"ಹೆಸರಿಲ್ದೆ ಹೆಂಗೆ ಆಂಟಿ? ಲೆಕ್ಕ ತಪ್ಪತ್ತೆ!"

"ತಪ್ಪಲಿ ಬಿಡು" ಅಂದೆ. ಅವನು ನನ್ನ ಕಡೆ ವಿಚಿತ್ರವಾಗಿ ನೋಡಿ "ಯಾರೋ ಒಬ್ಬರು" ಅಂತ ಬರೆದುಕೊಂಡ.

ಅಣ್ಣ ಆವತ್ತು "ಊಟ ಮಾಡ್ಕೊಂಡು ಹೋಗು" ಅಂದ. ಅಷ್ಟೇ. ತಪ್ಪಾಯಿತು ಅಂತ ಇವತ್ತಿನವರೆಗೂ ಅಂದಿಲ್ಲ. ಲೂಕ 17ರಲ್ಲಿ ತಪ್ಪು ಮಾಡಿದವನನ್ನು ಗದರಿಸು, ಪಶ್ಚಾತ್ತಾಪಪಟ್ಟರೆ ಕ್ಷಮಿಸು ಅಂತಿದೆ. ಗದರಿಸುವ ಭಾಗವನ್ನು ನಮ್ಮ ಸಭೆಗಳಲ್ಲಿ ನುಂಗಿಬಿಡುತ್ತೇವೆ. ಹೊಡೆಯುವ ಗಂಡನ ಮನೆಗೆ "ಕ್ಷಮಿಸಿ ಹೋಗಮ್ಮ" ಅಂತ ಹೆಣ್ಣುಮಕ್ಕಳನ್ನು ವಾಪಸ್ ಕಳಿಸುವವರನ್ನು ಕಂಡಿದ್ದೇನೆ. ಅದು ಕ್ಷಮೆ ಅಲ್ಲ, ಅವಳ ಪ್ರಾಣ ಅಡವಿಡುವುದು. ಮನಸ್ಸಿನಲ್ಲಿ ಸಾಲ ಬಿಡಬಹುದು, ಬೀಗದಕೈ ವಾಪಸ್ ಕೊಡಬೇಕು ಅಂತೇನಿಲ್ಲ.

ಇದು ನನಗೇ ಪರೀಕ್ಷೆಯಾಗಿ ಬಂತು. 2022ರಲ್ಲಿ ಒಂದು ಸಂಜೆ ಅಣ್ಣನ ಫೋನು. ಎಂಟು ವರ್ಷದ ಮೇಲೆ. ಎದೆ ಹೊಡೆದುಕೊಂಡಿತು, ಕೊನೆಗೂ ಕೇಳುತ್ತಾನೆ ಅಂದುಕೊಂಡೆ. ಕೇಳಿದ. ಚೀಟಿ ಎತ್ತಿದ್ದೀನಿ, ಶ್ಯೂರಿಟಿ ಸಹಿ ಬೇಕು ಅಂತ.

"ಸಹಿ ಮಾತ್ರ ಆಗಲ್ಲ ಅಣ್ಣ" ಅಂದೆ. ದನಿ ಏರಿಸಲಿಲ್ಲ. ಫೋನಿಟ್ಟ ಮೇಲೆ ಅಡುಗೆಮನೆಯಲ್ಲಿ ನಿಂತು ಅರ್ಧ ಗಂಟೆ ಬೈದೆ, ಕುಕ್ಕರಿಗೆ. 2013ರ ಬಿಸಿಲು, ಎಳನೀರು, ಎಲ್ಲ ಹಾಗೇ ವಾಪಸ್ ಬಂತು. ಏಳೆಪ್ಪತ್ತು ಸಲ, ಅಂದರೆ ಎಪ್ಪತ್ತರ ಏಳರಷ್ಟು ಸಲ, ಕ್ಷಮಿಸು ಅಂತ ಯೇಸು ಅಂದದ್ದು ಏಳೆಪ್ಪತ್ತು ತಪ್ಪುಗಳಿಗೆ ಅಂತ ನಾನು ತಿಳಿದುಕೊಂಡಿದ್ದೆ. ಒಂದೇ ತಪ್ಪನ್ನು 490 ಸಲ ಬಿಡಬೇಕಾಗುತ್ತದೆ ಅಂತ ಆಮೇಲೆ ತಿಳಿಯಿತು. ಆ ರಾತ್ರಿ ಮತ್ತೆ ನೋಟ್‌ಬುಕ್ ತೆಗೆದು ಮೊದಲ ಸಾಲಿನಿಂದ ಶುರು ಮಾಡಿದೆ: ಮನೆಯ ಅರ್ಧ ಪಾಲು, ತಂದೆಯೇ, ಬಿಟ್ಟೆ. ಎರಡೆಳೆ ಸರ, ಬಿಟ್ಟೆ. ಎಳನೀರಿನ ಸಾಲಿಗೆ ಬರುವ ಹೊತ್ತಿಗೆ ಹನ್ನೊಂದೂವರೆ. "ನಾಳೆ ಬಿಡ್ತೀನಿ" ಅಂತ ದೀಪ ಆರಿಸಿದೆ.

ಕೋವಿಡ್ ಕಾಲದಲ್ಲಿ ಚರ್ಚಿನಲ್ಲಿ ಸಮಾಧಾನಕ್ಕೆ ದೂರದಿಂದಲೇ ಕೈಮುಗಿಯುವುದಾಗಿತ್ತು. ಅದು ನನಗೆ ಭಾರೀ ಅನುಕೂಲವಾಗಿತ್ತು. ಆ ವರ್ಷ ಮತ್ತೆ ಕೈ ಹಿಡಿಯುವುದು ಶುರುವಾಯಿತು. ಚೀಟಿ ವಿಷಯವಾಗಿ ಹದಿನೈದು ದಿನವೂ ಆಗಿರಲಿಲ್ಲ, ಕರ್ತನ ಭೋಜನದ ಭಾನುವಾರ ತಡವಾಗಿ ಹೋದೆ. ಖಾಲಿ ಇದ್ದದ್ದು ಅಣ್ಣನ ಹಿಂದಿನ ಬೆಂಚು. ಸಮಾಧಾನ ಮುಂದಿನಿಂದ ಹಿಂದಕ್ಕೆ ಬಂತು. ಅವನು ತಿರುಗಿದ, ನನ್ನನ್ನು ನೋಡಿ ಒಂದು ಗಳಿಗೆ ತಡೆದ. ನಾನು ಕೈ ಚಾಚಿದೆ. ಅವನ ಅಂಗೈ ತಣ್ಣಗಿತ್ತು, ಕಿರುಬೆರಳು ಅಪ್ಪನದ್ದರ ಹಾಗೇ ಸೊಟ್ಟ. ಸಕ್ಕರೆ ಕಾಯಿಲೆ ಜಾಸ್ತಿಯಾಗಿದೆ ಅಂತ ಅತ್ತಿಗೆ ಹೇಳಿದ್ದರು. ಅವನು ಕೈ ಬಿಟ್ಟ ಮೇಲೆ ನಾನು ಪಕ್ಕಕ್ಕೆ ತಿರುಗಿದೆ. ಯಾರದೋ ಮನೆಯ ಚಿಕ್ಕ ಹುಡುಗಿ ಎರಡೂ ಕೈ ನೀಡಿಕೊಂಡು ಕಾಯುತ್ತಿದ್ದಳು.