ಕ್ರೀಡಾಪಟುವಿನ ಮುಟ್ಟು ತಪ್ಪಿದಾಗ ಕೋಚ್ ಮಾಡಬೇಕಾದ್ದು

ಕಠಿಣ ತರಬೇತಿಯಲ್ಲಿರುವವರಿಗೆ ಮುಟ್ಟು ನಿಲ್ಲುವುದು ಸಹಜ ಎಂಬ ಮಾತು ಮೈದಾನಗಳಲ್ಲಿ ಇನ್ನೂ ಓಡಾಡುತ್ತಿದೆ. ಅದು ತಪ್ಪು. ವ್ಯಾಯಾಮಕ್ಕೆ ಖರ್ಚಾದ ಮೇಲೆ ದೇಹ ನಡೆಸುವಷ್ಟು ಶಕ್ತಿ ಉಳಿಯದಿದ್ದರೆ, ಮಿದುಳು ಮೊದಮೊದಲು ಕೈಬಿಡುವ ಕೆಲಸಗಳಲ್ಲಿ ಋತುಚಕ್ರವೂ ಒಂದು. ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಇಳಿಯುತ್ತದೆ, ಮೂಳೆ ದುರ್ಬಲವಾಗುತ್ತದೆ. ಶಕ್ತಿಯ ಕೊರತೆಯಿಂದ ಹುಟ್ಟುವ ಇಂಥ ತೊಂದರೆಗಳಿಗೆಲ್ಲ ಸೇರಿಸಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ‘ರೆಡ್-ಎಸ್’ ಎಂಬ ಹೆಸರು ಕೊಟ್ಟಿತು.

ದೇಹಕ್ಕೆ ಉಳಿಯುವ ಶಕ್ತಿಯ ಲೆಕ್ಕ ಹೀಗೆ: ದಿನಕ್ಕೆ ತಿಂದ ಕ್ಯಾಲೊರಿಯಲ್ಲಿ ವ್ಯಾಯಾಮದ ಖರ್ಚನ್ನು ಕಳೆಯಿರಿ, ಉಳಿದದ್ದನ್ನು ಕೊಬ್ಬು ಬಿಟ್ಟ ದೇಹತೂಕದಿಂದ ಭಾಗಿಸಿ. 55 ಕಿಲೋ ತೂಗುವ ಓಟಗಾರ್ತಿಗೆ ಕೊಬ್ಬು ಬಿಟ್ಟು 45 ಕಿಲೋ ಇದೆ ಎನ್ನಿ. ಆಕೆ 2100 ಕ್ಯಾಲೊರಿ ತಿಂದು 800 ಸುಟ್ಟರೆ ಕಿಲೋಗೆ ಸುಮಾರು 29 ಉಳಿಯಿತು. ಇದು 45ರ ಆಸುಪಾಸು ಇರಬೇಕು. ದಿನಗಟ್ಟಲೆ 30ಕ್ಕಿಂತ ಕೆಳಗಿದ್ದರೆ ಅಪಾಯ ಹೆಚ್ಚು. ಆದರೆ ಊಟದ ಡೈರಿ ಪೂರ್ತಿ ನಿಜ ಹೇಳುವುದು ಅಪರೂಪ. ತೂಕವೂ ನಂಬಿಸಿ ಕೈಕೊಡುತ್ತದೆ: ದೇಹ ಖರ್ಚು ಕಡಿಮೆ ಮಾಡಿಕೊಂಡು ತೂಕವನ್ನು ಹಾಗೇ ಉಳಿಸಿಕೊಳ್ಳಬಲ್ಲದು. ಹಾಗಾಗಿ ಮುಟ್ಟಿನ ದಿನಾಂಕಕ್ಕೇ ಹೆಚ್ಚು ಬೆಲೆ ಕೊಡಿ.

ಸೀಸನ್ನಿನ ಮೊದಲ ಸಭೆಯಲ್ಲೇ, ಮಂಡಿನೋವಿನ ಬಗ್ಗೆ ಮಾತಾಡುವಷ್ಟೇ ಸಲೀಸಾಗಿ ಈ ವಿಷಯ ತೆಗೆಯಿರಿ. ಕೋಚ್ ಗಂಡಸಾಗಿದ್ದರೆ ವಿವರ ಕೇಳುವ ಹೊಣೆಯನ್ನು ತಂಡದ ಫಿಸಿಯೋ ಅಥವಾ ವೈದ್ಯೆಗೆ ವಹಿಸಬಹುದು. ಆದರೆ ‘ಮುಟ್ಟು’ ಎನ್ನಲು ನೀವೇ ಮುಜುಗರಪಟ್ಟರೆ ಯಾರೂ ಬಾಯಿಬಿಡುವುದಿಲ್ಲ. ದಿನಾಂಕ, ಸ್ರಾವದ ಪ್ರಮಾಣ, ನೋವು, ನಿದ್ದೆ ಇಷ್ಟನ್ನು ಆಕೆ ಒಪ್ಪಿದರೆ ಮಾತ್ರ ದಾಖಲಿಸಿ. ಯಾರ್‍ಯಾರು ನೋಡುತ್ತಾರೆಂದು ಮೊದಲೇ ತಿಳಿಸಿ. ತಂಡದ ಆಯ್ಕೆಗೆ ಆ ಹಾಳೆ ಬಳಕೆಯಾಯಿತೆಂದು ಗೊತ್ತಾದರೆ ಮುಂದಿನ ತಿಂಗಳಿಂದ ಎಲ್ಲರೂ ‘ಸರಿಯಿದೆ’ ಎಂದೇ ಬರೆಯುತ್ತಾರೆ.

ಸತತ ಮೂರು ತಿಂಗಳು ಮುಟ್ಟಾಗದಿದ್ದರೆ, ಚಕ್ರ ಪದೇಪದೇ 35 ದಿನ ದಾಟಿದರೆ, 15 ವರ್ಷ ತುಂಬಿದರೂ ಮುಟ್ಟು ಶುರುವಾಗದಿದ್ದರೆ ವೈದ್ಯರ ಬಳಿ ಕಳಿಸಿ. ಗರ್ಭಧಾರಣೆ, ಥೈರಾಯ್ಡ್, ಪಿಸಿಓಎಸ್ (ಹಾರ್ಮೋನು ಏರುಪೇರಿನಿಂದ ಚಕ್ರ ತಪ್ಪಿಸುವ ತೊಂದರೆ) ಇವನ್ನು ಪರೀಕ್ಷಿಸಿ ನೋಡುವುದು ಅವರ ಕೆಲಸ, ನಿಮ್ಮದಲ್ಲ. ಗರ್ಭನಿರೋಧಕ ಮಾತ್ರೆ ತಿನ್ನುವವರಲ್ಲಿ ತಿಂಗಳಿಗೊಮ್ಮೆ ಬರುವ ಸ್ರಾವ ಮಾತ್ರೆಯ ಬಿಡುವಿನಿಂದ ಬರುವಂಥದ್ದು. ಅದನ್ನು ನೋಡಿ ನಿಶ್ಚಿಂತರಾಗಬೇಡಿ.

ತರಬೇತಿ ಮುಗಿದ ಒಂದು ಗಂಟೆಯೊಳಗೆ ಕಿಲೋ ದೇಹತೂಕಕ್ಕೆ ಸುಮಾರು 1 ಗ್ರಾಂ ಕಾರ್ಬೊಹೈಡ್ರೇಟ್, ಜೊತೆಗೆ 20–25 ಗ್ರಾಂ ಪ್ರೋಟೀನ್ ಸಿಗಬೇಕು. ಜೋರು ಓಟದ ನಂತರ ಹಸಿವೇ ಆಗದವರು ಬಹಳ. ಅವರಿಗೆ ಕುಡಿಯುವ ರೂಪದಲ್ಲಿ ಕೊಡಿ. ಮುಂಜಾನೆ ಖಾಲಿ ಹೊಟ್ಟೆಯ ಓಟ ನಿಲ್ಲಿಸಿ. ಎಲ್ಲರೆದುರು ತೂಕ ನೋಡುವುದನ್ನಂತೂ ಇವತ್ತೇ ನಿಲ್ಲಿಸಿ.

ಸುಸ್ತು ಎಂದ ಕೂಡಲೇ ಕಬ್ಬಿಣದ ಮಾತ್ರೆ ನುಂಗಿಸಬೇಡಿ. ಹಿಮೋಗ್ಲೋಬಿನ್ ಸರಿಯಿದ್ದೂ ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಅಂಶ) ತಳ ಹಿಡಿದಿರಬಹುದು, ಎರಡನ್ನೂ ಪರೀಕ್ಷಿಸಬೇಕು.

ಮೂಳೆಯ ಒಂದೇ ಜಾಗಕ್ಕೆ ಬೆರಳಿಟ್ಟು ‘ಇಲ್ಲೇ’ ಎಂದು ತೋರಿಸುವ ನೋವು ಸ್ನಾಯುವಿನದಲ್ಲ ಎಂದೇ ಹಿಡಿಯಿರಿ. ತೊಡೆಸಂದಿನ ನೋವು ಇನ್ನೂ ಅಪಾಯದ್ದು: ತೊಡೆಮೂಳೆಯ ಕತ್ತು ಬಿರುಕು ಬಿಟ್ಟಿರಬಹುದು. ಒಂಟಿಗಾಲಲ್ಲಿ ಕುಪ್ಪಳಿಸಿ ಪರೀಕ್ಷಿಸಲು ಹೋಗಬೇಡಿ, ಅಂದೇ ಓಟ ನಿಲ್ಲಿಸಿ. ಮೊದಲ ವಾರಗಳಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣದಿರುವುದು ಸಾಮಾನ್ಯ, ಎಂಆರ್‌ಐ ಬೇಕು.

ಚಕ್ರದ ಹಂತ ನೋಡಿ ಇಡೀ ತಂಡದ ವೇಳಾಪಟ್ಟಿ ಬದಲಿಸುವ ಹೊಸ ಹುಚ್ಚಿಗೆ ಗಟ್ಟಿ ಆಧಾರವಿಲ್ಲ. ಆಟಗಾರ್ತಿಗೆ ನೋವಿದ್ದ ದಿನ ತರಬೇತಿಯ ಹೊರೆ ಇಳಿಸಿ, ಅಷ್ಟು ಸಾಕು.

ಶಕ್ತಿಯ ಕೊರತೆಯೇ ಕಾರಣವೆಂದು ಖಚಿತವಾದರೆ ದಿನಕ್ಕೆ 300–600 ಕ್ಯಾಲೊರಿ ಹೆಚ್ಚಿಸಿ, ತರಬೇತಿ ತಗ್ಗಿಸುವುದು ಸಾಮಾನ್ಯ ದಾರಿ. ಆಹಾರತಜ್ಞರು ಜೊತೆಗಿರಲಿ. ಚಕ್ರ ಮರಳಲು ತಿಂಗಳುಗಳೇ ಹಿಡಿಯಬಹುದು, ಮೂಳೆಗೆ ಅದಕ್ಕಿಂತ ಹೆಚ್ಚು ಕಾಲ ಬೇಕು. ಮೊದಲ ಮುಟ್ಟು ಕಂಡ ವಾರವೇ ಹಳೆಯ ಹೊರೆಗೆ ಮರಳಿದರೆ ಮತ್ತೆ ನಿಲ್ಲಬಹುದು.