ಲೈನ್ ಮನೆಗೆ ಬಂದ ಕುಟುಂಬಕ್ಕೆ ಪಡಿತರ, ಶಾಲೆ: ತೋಟದ ಮಾಲೀಕರು ಮಾಡಬೇಕಾದದ್ದೇನು?

ಕಾಫಿ ಕೊಯ್ಲಿನ ಹೊತ್ತಿಗೆ ಕೊಡಗಿನ ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟದ ಲೈನ್ ಮನೆಗಳಿಗೆ, ಅಂದರೆ ತೋಟದ ಕಾರ್ಮಿಕರ ಸಾಲು ವಸತಿಗಳಿಗೆ, ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್‌ಗಳಿಂದ ಕುಟುಂಬಗಳು ಬರುತ್ತವೆ. ಆಧಾರ್ ಪ್ರತಿಗಳನ್ನು ಪೊಲೀಸ್ ಠಾಣೆಗೆ ತಲುಪಿಸಿದರೆ ತಮ್ಮ ಹೊಣೆ ಮುಗಿಯಿತೆಂದು ಅನೇಕ ಮಾಲೀಕರು ತಿಳಿದಿರುವುದರಿಂದಲೇ ಆ ಕುಟುಂಬಗಳು ಅಂಗಡಿಯಲ್ಲಿ ದುಬಾರಿ ಅಕ್ಕಿ ಕೊಳ್ಳುತ್ತವೆ, ಮಕ್ಕಳು ಕಾಫಿ ಕಣದಲ್ಲೇ ದಿನ ಕಳೆಯುತ್ತಾರೆ.

ಮೊದಲ ಹಂತ ದಾಖಲೆ ಪರಿಶೀಲನೆ. ಆಧಾರ್‌ನ ಕ್ಯೂಆರ್ ಸಂಕೇತವನ್ನು ಪ್ರಾಧಿಕಾರದ ಅಧಿಕೃತ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿ, ಪ್ರತಿ ತೆಗೆದುಕೊಂಡು, ಮೂಲವನ್ನು ಅಂದೇ ಹಿಂದಿರುಗಿಸಬೇಕು. ಮುಂಗಡ ಕೊಟ್ಟಿದ್ದೇವೆಂದು ಕಾರ್ಡನ್ನು ತೋಟದ ಲೆಕ್ಕ ಬರೆಯುವ ರೈಟರ ಮೇಜಿನಲ್ಲಿ ಇಟ್ಟುಕೊಳ್ಳುವುದು ಖಂಡಿತ ಕೂಡದು. ಬಂಗಾಳಿ ಮಾತನಾಡುವವರೆಲ್ಲ ಗಡಿ ದಾಟಿ ಬಂದವರೆಂಬ ಅನುಮಾನವೂ ಸಲ್ಲದು. ದೇಶದ ಯಾವ ಮೂಲೆಗಾದರೂ ಹೋಗಿ ನೆಲೆಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಪ್ರತಿಯೊಬ್ಬ ನಾಗರಿಕನಿಗೂ ಕೊಟ್ಟಿದೆ. ಪೇಟೆಯ ಅಂಗಡಿಗಳಲ್ಲಿ ಮುದ್ರಿಸಿಕೊಡುವ ಹೊಳಪಿನ ಪ್ಲಾಸ್ಟಿಕ್ ಆಧಾರ್‌ಗೆ ಹಣ ಸುರಿಯಬೇಡಿ. ಆಧಾರ್ ಪ್ರಾಧಿಕಾರವೇ ಅದನ್ನು ಬಳಸಬೇಡಿ ಎಂದಿದೆ. ಕಾಗದದ ಪ್ರತಿ ಸಾಕು.

ಎರಡನೆಯದು ನೋಂದಣಿ. 16ರಿಂದ 59 ವರ್ಷದೊಳಗಿನ ಅಸಂಘಟಿತ ಕಾರ್ಮಿಕರನ್ನು ಕೇಂದ್ರ ಸರ್ಕಾರದ ಕಾರ್ಮಿಕ ನೋಂದಣಿ ತಾಣ ಇ-ಶ್ರಮ್‌ನಲ್ಲಿ ಉಚಿತವಾಗಿ ನೋಂದಾಯಿಸಬಹುದು. 1979ರ ಕಾಯ್ದೆ ಗುತ್ತಿಗೆದಾರನ ಮೂಲಕ ಬಂದವರನ್ನಷ್ಟೇ ಅಂತರರಾಜ್ಯ ವಲಸೆ ಕಾರ್ಮಿಕರೆಂದು ಗುರುತಿಸುತ್ತಿತ್ತು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ತಾವಾಗಿಯೇ ಕೆಲಸ ಹುಡುಕಿ ಬಂದವರನ್ನೂ ಒಳಗೊಂಡಿದೆ. ಮೇಸ್ತ್ರಿ ಕರೆತಂದವರಲ್ಲ ಎಂಬ ಕಾರಣಕ್ಕೆ ಯಾರ ಹೆಸರನ್ನೂ ಹಾಜರಿ ಪುಸ್ತಕದಿಂದ ಬಿಡಬಾರದು.

ಎಲ್ಲರೂ ಎಡವುವುದು ಪಡಿತರದಲ್ಲಿ. ‘ಒಂದು ರಾಷ್ಟ್ರ, ಒಂದು ಪಡಿತರ ಚೀಟಿ’ ವ್ಯವಸ್ಥೆಗೆ 2022ರ ಜೂನ್‌ನಲ್ಲಿ ಅಸ್ಸಾಂ ಕೊನೆಯದಾಗಿ ಸೇರಿದ ಬಳಿಕ ಅದು ದೇಶಪೂರ್ತಿ ಜಾರಿಯಲ್ಲಿದೆ; ಊರಿನ ಚೀಟಿಯಿಂದಲೇ ಯಾವ ರಾಜ್ಯದ ನ್ಯಾಯಬೆಲೆ ಅಂಗಡಿಯಲ್ಲೂ ಧಾನ್ಯ ಪಡೆಯಬಹುದು. ಆದ್ದರಿಂದ ಊರಿನ ಚೀಟಿಯನ್ನು ರದ್ದುಪಡಿಸಬೇಕಾಗಿಲ್ಲ, ಆಧಾರ್ ವಿಳಾಸ ಬದಲಿಸಬೇಕಾಗಿಲ್ಲ. ಇಲ್ಲಿಯ ಕಾರ್ಡ್ ಮಾಡಿಸಿಕೊಡುತ್ತೇನೆಂದು ಹಣ ಕೇಳುವ ದಲ್ಲಾಳಿಯನ್ನು ದೂರವೇ ಇಡಿ. ಚೀಟಿ ಕೈಯಲ್ಲಿಲ್ಲದಿದ್ದರೂ ಅದರ ಸಂಖ್ಯೆ ಅಥವಾ ಆಧಾರ್ ಸಂಖ್ಯೆ ಹೇಳಿದರೆ ನಡೆಯುತ್ತದೆ. ಆದರೆ ಚೀಟಿ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಡಿ ಬಂದಿರಬೇಕು ಮತ್ತು ಇಲ್ಲಿಗೆ ಬಂದ ಸದಸ್ಯರ ಆಧಾರ್ ಅದಕ್ಕೆ ಜೋಡಣೆಯಾಗಿರಬೇಕು. ಇದನ್ನು ಅವರು ರೈಲು ಹತ್ತುವ ಮುನ್ನವೇ ಫೋನಿನಲ್ಲಿ ವಿಚಾರಿಸಿಕೊಳ್ಳುವುದು ಲೇಸು, ಏಕೆಂದರೆ ಜೋಡಣೆ ತಪ್ಪಿದ್ದರೆ ಸರಿಪಡಿಸುವ ಕೆಲಸ ಊರಿನಲ್ಲೇ ಸಲೀಸು.

ಪಾಲಿನ ಲೆಕ್ಕವನ್ನೂ ಬಿಡಿಸಿ ಹೇಳಿ. ಆದ್ಯತಾ ಕುಟುಂಬದ ಸದಸ್ಯರೊಬ್ಬರಿಗೆ ತಿಂಗಳಿಗೆ 5 ಕಿಲೋ. ಐವರ ಚೀಟಿಯಲ್ಲಿ ಗಂಡ ಹೆಂಡತಿ ಇಲ್ಲಿ 10 ಕಿಲೋ ಪಡೆದರೆ ಊರಿನವರಿಗೆ 15 ಕಿಲೋ ಉಳಿಯುತ್ತದೆ. ಇಲ್ಲಿ ಪೂರ್ತಿ ಎತ್ತಿಕೊಂಡರೆ ಅಲ್ಲಿ ಅಜ್ಜಿ ಬರಿಗೈಯಲ್ಲಿ ಮರಳುತ್ತಾಳೆ. ಅನ್ನಭಾಗ್ಯದಡಿ ನಮ್ಮ ರಾಜ್ಯ ಕೊಡುವ ಹೆಚ್ಚುವರಿ ಪಾಲು ಹೊರರಾಜ್ಯದ ಚೀಟಿಗೆ ಅನ್ವಯಿಸುವುದಿಲ್ಲವೆಂಬುದನ್ನು ಮೊದಲೇ ತಿಳಿಸಿದರೆ ನ್ಯಾಯಬೆಲೆ ಅಂಗಡಿಯಲ್ಲಿ ಜಗಳ ತಪ್ಪುತ್ತದೆ.

ಇನ್ನು ಬೆರಳಚ್ಚು. ದಿನವಿಡೀ ಹಣ್ಣು ಕೊಯ್ದ ಕೈಗೆ ಅಂಟು ಮೆತ್ತಿ, ಬೆರಳ ತುದಿಯ ಗೆರೆ ಸವೆದು, ಯಂತ್ರ ಮತ್ತೆ ಮತ್ತೆ ತಿರಸ್ಕರಿಸುತ್ತದೆ. ಕೆಲಸ ಬಿಟ್ಟ ಸಂಜೆ ನೇರವಾಗಿ ಕಳುಹಿಸದೆ, ರಜೆಯ ದಿನ ಬೆಳಿಗ್ಗೆ ಬಿಸಿನೀರು, ಸಾಬೂನಿನಿಂದ ಕೈ ತೊಳೆದು ಹೋಗುವಂತೆ ಹೇಳಿ. ಒಂದು ಬೆರಳು ಒಪ್ಪದಿದ್ದರೆ ಹತ್ತನ್ನೂ ಇಡಲಿ. ಚೀಟಿಗೆ ಆಧಾರ್ ಜೋಡಣೆಯಾದ ಬೇರೆ ಸದಸ್ಯರು ಜೊತೆಗಿದ್ದರೆ ಅವರೂ ಕೊಡಬಹುದು. ಮೊದಲ ಸಲ ರೈಟರು ಜೊತೆಗೆ ಹೋಗಲೇಬೇಕು; ಭಾಷೆ ಬಾರದವರನ್ನು ‘ಸರ್ವರ್ ಇಲ್ಲ’ ಎಂದು ಕಳುಹಿಸಿಬಿಡುವುದು ಸುಲಭ.

ಕೊನೆಯದು ಮಕ್ಕಳು. ಆರು ವರ್ಷದೊಳಗಿನವರಿಗೆ ಅಂಗನವಾಡಿ. 6ರಿಂದ 14ರವರೆಗಿನವರಿಗೆ 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ವಯಸ್ಸಿಗೆ ತಕ್ಕ ತರಗತಿಯಲ್ಲಿ, ವರ್ಷದ ನಡುವೆಯೂ ಪ್ರವೇಶ ಕೊಡಬೇಕು. ವಯಸ್ಸಿನ ದಾಖಲೆ ಇಲ್ಲವೆಂದು ನಿರಾಕರಿಸುವಂತಿಲ್ಲ. ಕನ್ನಡ ಬಾರದೆಂದು ದೊಡ್ಡ ಮಗುವನ್ನು ಒಂದನೇ ತರಗತಿಯಲ್ಲಿ ಕೂರಿಸಲು ಒಪ್ಪಬೇಡಿ, ಹಿಂದುಳಿದ ಮಗುವಿಗೆ ವಿಶೇಷ ತರಬೇತಿಯನ್ನು ಕಾಯ್ದೆಯೇ ಹೇಳಿದೆ. ಮೆಣಸು ಕೊಯ್ಲು ಮುಗಿದು ಕುಟುಂಬ ಹೊರಡುವಾಗ, ಕೊನೆಯ ಬಟವಾಡೆಗೆ ಮುನ್ನವೇ ಶಾಲೆಯಿಂದ ವರ್ಗಾವಣೆ ಪತ್ರ ಪಡೆದು ಅವರ ಕೈಗಿಡಿ.